ತೂಕ ಇಳಿಸುವ ವಿಶೇಷ ಶಸ್ತ್ರಚಿಕಿತ್ಸೆಗೆ ಪರ ಊರಿಗೆ ಹೋಗುವ ಮುನ್ನ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ದೂರದ ಊರಿಗೆ ಹೊರಡುವವರು ಆ ಪ್ರಯಾಣ ನಿಜಕ್ಕೂ ಬೇಕೇ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಈಗ ಬೆಂಗಳೂರಿನಲ್ಲಷ್ಟೇ ಅಲ್ಲದೆ ರಾಜ್ಯದ ಇತರ ದೊಡ್ಡ ನಗರಗಳಲ್ಲೂ ನಡೆಯುತ್ತದೆ. ಬೇರೆ ತೊಡಕಿಲ್ಲದೆ ಮೊದಲ ಸಲ ಸ್ಲೀವ್ ಮಾಡಿಸಿಕೊಳ್ಳುವವರು ಮುಂಬೈಗೋ ಚೆನ್ನೈಗೋ ಹೋಗಬೇಕಾದ ಕಾರಣ ನನಗೆ ಕಾಣುವುದಿಲ್ಲ. ಹಿಂದೆ ಮಾಡಿದ ಸ್ಲೀವ್ ವಿಫಲವಾಗಿ ತೂಕ ಮರಳಿದವರು, ಸ್ಲೀವ್ ನಂತರ ಎದೆಯುರಿ ತಡೆಯಲಾಗದಷ್ಟು ಹೆಚ್ಚಿದವರು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 60 ದಾಟಿದವರು, ಹೊಟ್ಟೆಯ ಹಲವು ಆಪರೇಷನ್‌ಗಳನ್ನು ಈಗಾಗಲೇ ಕಂಡವರು ಮತ್ತು ಡ್ಯುವೋಡಿನಲ್ ಸ್ವಿಚ್‌ನಂಥ ಅಪರೂಪದ ವಿಧಾನವನ್ನು ವೈದ್ಯರು ಸೂಚಿಸಿದವರು ಮಾತ್ರ ಊರು ಬಿಟ್ಟು ಹುಡುಕಬೇಕಾಗುತ್ತದೆ.

ಡ್ಯುವೋಡಿನಲ್ ಸ್ವಿಚ್ ಅನ್ನೇ ನೋಡೋಣ. ಅಮೆರಿಕದ ಓಹಾಯೋದಲ್ಲಿ ಡಗ್ಲಾಸ್ ಹೆಸ್ 1988ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ಜಠರವನ್ನು ಕಿರಿದುಗೊಳಿಸಿದ ಮೇಲೆ ಸಣ್ಣ ಕರುಳಿನ ಆರಂಭವನ್ನು ಕತ್ತರಿಸಿ, ಅದನ್ನು ಬಹಳ ಕೆಳಗಿನ ಕರುಳಿಗೆ ಜೋಡಿಸುತ್ತಾರೆ. ಹೀಗಾಗಿ ಆಹಾರವೂ ಪಿತ್ತರಸವೂ ಒಂದಾಗಿ ಹರಿಯುವುದು ಕೊನೆಯ ಸುಮಾರು 100 ಸೆಂಟಿಮೀಟರ್ ಉದ್ದದಲ್ಲಿ ಮಾತ್ರ. ಸ್ಪೇನಿನ ಸರ್ಜನ್‌ಗಳು 2007ರಲ್ಲಿ ಎರಡು ಜೋಡಣೆಗಳ ಈ ವಿಧಾನವನ್ನೇ ಒಂದೇ ಜೋಡಣೆಗೆ ಸರಳಗೊಳಿಸಿದರು. ಸರ್ಜನ್ ಲ್ಯಾಪರೋಸ್ಕೋಪಿಯ ಪರದೆಯನ್ನು ನೋಡುತ್ತ, ಗುರುತು ಹಾಕಿದ ಇಕ್ಕಳದಿಂದ ಜಾರುವ ಕರುಳನ್ನು ದೊಡ್ಡ ಕರುಳಿನ ಕಡೆಯಿಂದ ಮೇಲಕ್ಕೆ ತುಂಡು ತುಂಡಾಗಿ ಅಳೆಯಬೇಕು. ಕರುಳನ್ನು ಎಳೆದು ಹಿಡಿದರೆ ಒಂದು ಅಳತೆ, ಸಡಿಲ ಬಿಟ್ಟರೆ ಇನ್ನೊಂದು. ಉಳಿಸಿದ ಕರುಳು ತೀರ ಗಿಡ್ಡವಾದರೆ ರೋಗಿ ತೂಕದ ಜೊತೆಗೆ ಪ್ರೋಟೀನನ್ನೂ ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಕಳೆದುಕೊಳ್ಳುತ್ತಾನೆ. ಅನುಭವ ಬೇಕಾಗುವುದು ಇಲ್ಲಿ.

ಆದ್ದರಿಂದ ಸರ್ಜನ್‌ರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಅವರು ಒಟ್ಟು ಎಷ್ಟು ಸಾವಿರ ಆಪರೇಷನ್ ಮಾಡಿದ್ದಾರೆ ಎಂಬುದಲ್ಲ. ನಿಮಗೆ ಮಾಡಲಿರುವ ಇದೇ ಆಪರೇಷನ್ನನ್ನು ಕಳೆದ ಒಂದು ವರ್ಷದಲ್ಲಿ ಎಷ್ಟು ಜನಕ್ಕೆ ಮಾಡಿದ್ದಾರೆ, ಅವರಲ್ಲಿ ಎಷ್ಟು ಜನಕ್ಕೆ ಜಠರ ಅಥವಾ ಕರುಳಿನ ಹೊಲಿಗೆ ಸೋರಿತು, ಸೋರಿದಾಗ ಏನು ಮಾಡಿದರು, ನಿಮ್ಮ ಆಪರೇಷನ್ ಉದ್ದಕ್ಕೂ ಅವರೇ ಮಾಡುತ್ತಾರೆಯೇ ಎಂದು ಕೇಳಿ. ಸೋರಿಕೆ ಎಂದೂ ಆಗಿಲ್ಲ ಎನ್ನುವವರಿಗಿಂತ ಆದದ್ದನ್ನು ಬಿಡಿಸಿ ಹೇಳುವವರನ್ನು ನಾನು ಹೆಚ್ಚು ನಂಬುತ್ತೇನೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 20 ಮಂದಿ ಸರ್ಜನ್‌ಗಳು ತಾವು ಮಾಡಿದ, ಜಠರವನ್ನು ಪುಟ್ಟ ಚೀಲವಾಗಿಸಿ ಕೆಳಗಿನ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್‌ನ ವಿಡಿಯೋ ಕೊಟ್ಟು, ಅದು ಯಾರದೆಂದು ತಿಳಿಯದ ಸಹೋದ್ಯೋಗಿಗಳಿಂದ ಅಂಕ ಹಾಕಿಸಿಕೊಂಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೈಚಳಕಕ್ಕೆ ಅತಿ ಕಡಿಮೆ ಅಂಕ ಪಡೆದ ಗುಂಪಿನ ರೋಗಿಗಳಲ್ಲಿ ಶೇ. 14.5ರಷ್ಟು, ಅತಿ ಹೆಚ್ಚು ಪಡೆದ ಗುಂಪಿನವರಲ್ಲಿ ಶೇ. 5.2ರಷ್ಟು ಮಂದಿಗೆ ತೊಡಕುಗಳಾಗಿದ್ದವು. ಸರ್ಜನ್‌ರ ನೋಂದಣಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೈದ್ಯರ ಪಟ್ಟಿಯಲ್ಲಿ ನೋಡಬಹುದು. ಬೊಜ್ಜು ಶಸ್ತ್ರಚಿಕಿತ್ಸಕರ ಸಂಘವಾದ ಒಎಸ್‌ಎಸ್‌ಐ ಸದಸ್ಯತ್ವವನ್ನೂ ವಿಚಾರಿಸಬಹುದು, ಆದರೆ ಸದಸ್ಯತ್ವ ಕೈಚಳಕದ ಪ್ರಮಾಣಪತ್ರವಲ್ಲ. ವಾಟ್ಸ್ಆ್ಯಪ್‌ನಲ್ಲಿ ಪ್ಯಾಕೇಜ್ ದರ ಕಳಿಸುವ ಪೇಷಂಟ್ ಕೋಆರ್ಡಿನೇಟರ್ ವೈದ್ಯರಲ್ಲ. ಮುಂಗಡ ಕಟ್ಟುವ ಮೊದಲು ಸರ್ಜನ್‌ರೊಡನೆ ವಿಡಿಯೋದಲ್ಲಾದರೂ ನೇರವಾಗಿ ಮಾತನಾಡಲೇಬೇಕು.

ಆ ಮಾತುಕತೆಗೆ ಕಾಗದಪತ್ರ ಸಿದ್ಧವಿರಲಿ. ಎರಡನೇ ಆಪರೇಷನ್ ಆಗುವುದಾದರೆ ಹಳೆಯ ಡಿಸ್ಚಾರ್ಜ್ ಸಮ್ಮರಿ ಸಾಲದು. ಹಿಂದಿನ ಸರ್ಜನ್ ಏನು ಕತ್ತರಿಸಿ ಎಲ್ಲಿ ಜೋಡಿಸಿದರು ಎಂಬುದನ್ನು ಬರೆದಿರುವ ಆಪರೇಷನ್ ನೋಟ್ಸ್ ಬೇಕು. ವೈದ್ಯರು ದಾಖಲೆಗಳನ್ನು 3 ವರ್ಷ ಇಟ್ಟುಕೊಳ್ಳಬೇಕು ಮತ್ತು ಕೇಳಿದ 72 ಗಂಟೆಗಳೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನಡವಳಿಕೆ ನಿಯಮಗಳು ಹೇಳುತ್ತವೆ. ಅವಧಿ ಮುಗಿಯುವ ಮೊದಲೇ ಪ್ರತಿ ತೆಗೆದಿಟ್ಟುಕೊಳ್ಳಿ. ಎಂಡೋಸ್ಕೋಪಿ, ಹೊಟ್ಟೆಯ ಸ್ಕ್ಯಾನಿಂಗ್, ಸಕ್ಕರೆಯ ಹತೋಟಿ ತಿಳಿಸುವ ಎಚ್‌ಬಿಎ1ಸಿ, ಥೈರಾಯ್ಡ್, ಬಿ12, ಡಿ ವಿಟಮಿನ್ ಮತ್ತು ಕಬ್ಬಿಣದ ಪರೀಕ್ಷೆಗಳನ್ನು ಊರಲ್ಲೇ ಮಾಡಿಸಬಹುದೇ ಎಂದು ಕೇಳಿ. ಮಾಡಿಸಬಹುದಾದರೆ ಒಂದು ಪ್ರಯಾಣ ಉಳಿಯುತ್ತದೆ.

ವಿಮೆಯ ವಿಷಯ ಚಿಕ್ಕದು. ರೋಗಿಗೆ 18 ವರ್ಷ ತುಂಬಿದ್ದು, ಬಿಎಂಐ 40 ಇದ್ದರೆ, ಅಥವಾ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ ಇಲ್ಲವೇ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವ ತೀವ್ರ ಸ್ಲೀಪ್ ಆ್ಯಪ್ನಿಯಾದಂಥ ತೊಂದರೆಯಿದ್ದು ಇತರ ಉಪಾಯಗಳು ಫಲಿಸದಿದ್ದರೆ, ವೈದ್ಯರ ಸಲಹೆಯಂತೆ ನಡೆಯುವ ಶಸ್ತ್ರಚಿಕಿತ್ಸೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಪ್ರಮಾಣೀಕೃತ ಷರತ್ತು ಹೊರಗಿಡುವುದಿಲ್ಲ. ಪಾಲಿಸಿಯ ಕಾಯುವ ಅವಧಿ ಮುಗಿದಿದೆಯೇ, ಆ ಊರಿನ ಆಸ್ಪತ್ರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲು ಲಿಖಿತವಾಗಿ ಪಡೆಯಬೇಕು.

ಆಪರೇಷನ್‌ಗೆ ಮುಂಚೆ ಸುಮಾರು ಎರಡು ವಾರ ಕಡಿಮೆ ಕ್ಯಾಲರಿಯ ಆಹಾರ ಹೇಳುತ್ತಾರೆ. ಕೊಬ್ಬು ತುಂಬಿ ಊದಿದ ಯಕೃತ್ತು ಜಠರದ ಮೇಲೆ ಕವಿದುಕೊಂಡಿದ್ದರೆ ಸರ್ಜನ್‌ಗೆ ದಾರಿ ಕಾಣುವುದಿಲ್ಲ, ಅದು ಕುಗ್ಗಲೆಂದು ಈ ಪಥ್ಯ. ಆಪರೇಷನ್ ಮುಂಚಿನ ದಿನ ನೆಂಟರ ಮನೆಯಲ್ಲಿ ಇಳಿದು ಹೋಳಿಗೆ ಊಟ ಮಾಡಿದರೆ ಅಷ್ಟೂ ವ್ಯರ್ಥ. ರಾತ್ರಿ ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಮರೆಯದೆ ಒಯ್ಯಬೇಕು.

ಆಸ್ಪತ್ರೆಯಿಂದ ಕೆಲವೇ ದಿನಗಳಲ್ಲಿ ಬಿಡುತ್ತಾರೆಂದು ಅದೇ ದಿನದ ರೈಲಿಗೆ ಟಿಕೆಟ್ ಮಾಡಿಸುವುದು ತಪ್ಪು. ಸ್ಲೀವ್‌ನ ಸೋರಿಕೆ ಎಷ್ಟೋ ಸಲ ಡಿಸ್ಚಾರ್ಜ್ ಆದ ಮೇಲೆ ಕಾಣಿಸಿಕೊಳ್ಳುತ್ತದೆ. ಸರ್ಜನ್ ಹೇಳುವಷ್ಟು ದಿನ, ಕಡಿಮೆಯೆಂದರೂ ಒಂದು ವಾರ, ಆಸ್ಪತ್ರೆಯ ಹತ್ತಿರ ಲಿಫ್ಟ್ ಮತ್ತು ಕಮೋಡ್ ಇರುವ ಕೋಣೆ ಹಿಡಿಯಿರಿ. ಅಲ್ಲಿ ಮಿಕ್ಸಿಯೂ ಸ್ಟವ್ವೂ ಇದ್ದರೆ ಜೊತೆಗಿರುವವರು ಬೇಳೆಕಟ್ಟು, ಮಜ್ಜಿಗೆ ಸೋಸಿ ಕೊಡಬಹುದು. ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ, ಎಡ ಭುಜ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದರೆ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಹಿಂತಿರುಗುವಾಗ ರೈಲಾದರೆ ಕೆಳಗಿನ ಬರ್ತ್ ಪಡೆದು ಆಗಾಗ ಎದ್ದು ನಡೆಯಬೇಕು, ಕಾರಾದರೆ ಗಂಟೆಗೊಮ್ಮೆ ಇಳಿಯಬೇಕು. ಹೆಪ್ಪು ತಡೆಯುವ ಚುಚ್ಚುಮದ್ದು ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳಿ.

ಪರ ಊರಿನ ಸರ್ಜನ್ ಎಷ್ಟೇ ಪಳಗಿದವರಾಗಲಿ, ತಿಂಗಳುಗಟ್ಟಲೆ ನಿಮ್ಮನ್ನು ನೋಡುವವರು ನಿಮ್ಮೂರಿನ ವೈದ್ಯರೇ. ಹೊರಡುವ ಮುನ್ನವೇ ಅವರ ಒಪ್ಪಿಗೆ ಪಡೆದು, ಇಬ್ಬರೂ ಫೋನಿನಲ್ಲಿ ಮಾತನಾಡುವಂತೆ ಮಾಡಿ. ಅವರಿಗೆ ಕೊಡಲು ಸರ್ಜನ್‌ರಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ, ಅದರ ಪ್ರತಿ ಸದಾ ಜೇಬಿನಲ್ಲಿರಲಿ. ಮಾಡಿದ ಆಪರೇಷನ್ ಯಾವುದು, ಕರುಳಿನ ಅಳತೆ ಎಷ್ಟು, ಯಾವ ರಕ್ತಪರೀಕ್ಷೆ ಯಾವಾಗ ಮಾಡಿಸಬೇಕು ಎಂಬುದು ಅದರಲ್ಲಿರಬೇಕು. ಇನ್ನೂ ಮೂರು ಸಂಗತಿಗಳನ್ನು ಅದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಜೋಡಣೆಯ ಜಾಗದಲ್ಲಿ ಹುಣ್ಣು ತರಬಹುದು. ವರ್ಷ ಕಳೆದ ಮೇಲೂ ಹೊಟ್ಟೆ ಹಿಂಡುವ ನೋವು ಬಂದರೆ ಗ್ಯಾಸ್ ಎಂದು ಬಿಡದೆ ಕರುಳು ಸಿಕ್ಕಿಕೊಂಡಿದೆಯೇ ಎಂದು ಸಿಟಿ ಸ್ಕ್ಯಾನ್ ಮಾಡಿಸಬೇಕು. ದಿನಗಟ್ಟಲೆ ವಾಂತಿಯಾಗಿ ನಿತ್ರಾಣಗೊಂಡವರಿಗೆ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಥಯಾಮಿನ್ (ಬಿ1 ವಿಟಮಿನ್) ಚುಚ್ಚುಮದ್ದು ಕೊಡಬೇಕು, ಇಲ್ಲವಾದರೆ ಬಿ1 ಕೊರತೆಯಿರುವ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.