ಹೊಲಿಗೆ ಹಾಕಿಸುವ ಮುಂಚೆ ಕಿರುಬೆರಳು ಮುಟ್ಟಿ ನೋಡಿ

ಮೂಡಿಗೆರೆ ಕಡೆ ಮರಗಸಿ, ಅಂದರೆ ತೋಟದ ನೆರಳು ಮರದ ಕೊಂಬೆ ಸವರುವ ಕೆಲಸ, ಶುರುವಾದರೆ ಯಾರಾದರೊಬ್ಬರ ಕೈಗೆ ಕತ್ತಿ ಬಿದ್ದೇ ಬೀಳುತ್ತದೆ. ಮೂರು ವರ್ಷದ ಹಿಂದೆ ನನ್ನ ಮಣಿಕಟ್ಟಿಗೇ ಬಿತ್ತು. ಒಂದು ಕ್ಲಿನಿಕ್ಕಿನಲ್ಲಿ ಐದು ಹೊಲಿಗೆ ಹಾಕಿ ಕಳಿಸಿದರು. ಕಿರುಬೆರಳು ಜೋಮು ಹಿಡಿದಂಗಿದೆ ಅಂದರೆ, ಊತ ಇಳಿದ ಮೇಲೆ ಸರಿಹೋಗುತ್ತೆ ಅಂದರು. ಗಾಯ ಚೆನ್ನಾಗಿ ಒಣಗಿತು, ಬೆರಳು ಹಾಗೇ ಉಳಿಯಿತು. ಆರು ವಾರ ಕಾದೆ, ಅದೇ ನನ್ನ ತಪ್ಪು.

ನಮ್ಮಲ್ಲಿ ರಕ್ತನಾಳಕ್ಕೂ 'ನರ' ಅಂತಲೇ ಹೇಳುತ್ತೇವಲ್ಲ, ಹಾಗಾಗಿ ರಕ್ತ ನಿಂತರೆ ನರ ಸರಿಯಾಯಿತು ಅಂದುಕೊಳ್ಳುತ್ತೇವೆ. ನಾನು ಹೇಳುತ್ತಿರುವುದು ಸ್ಪರ್ಶ ಮತ್ತು ಚಲನೆಯ ನರದ ಬಗ್ಗೆ. ಅದು ತುಂಡಾದರೆ ತಾನಾಗಿ ಕೂಡಿಕೊಳ್ಳುವುದಿಲ್ಲ.

ಗಾಯವಾದ ತಕ್ಷಣ ಕಾಫಿಪುಡಿ, ಅರಿಶಿನ ಮೆತ್ತಬೇಡಿ ಮಾರಾಯ್ರೆ, ಆಮೇಲೆ ಅದನ್ನೆಲ್ಲ ತೊಳೆಯುವುದೇ ಡಾಕ್ಟರಿಗೆ ದೊಡ್ಡ ಕೆಲಸ. ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದು, ಕೈ ಮೇಲೆತ್ತಿ. ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುಂಚೆಯೇ ಪರೀಕ್ಷೆ ಆಗಬೇಕು, ಕೊಟ್ಟ ಮೇಲೆ ಏನೂ ಗೊತ್ತಾಗಲ್ಲ. ಕೈಗೆ ಬರುವ ಮುಖ್ಯ ನರ ಮೂರು. ಕಣ್ಣು ಮುಚ್ಚಿಸಿ, ಹತ್ತಿಯಿಂದ ಕಿರುಬೆರಳ ತುದಿ ಮುಟ್ಟಿ: ಅದು ಅಲ್ನರ್ ನರ. ತೋರುಬೆರಳ ತುದಿ ಮೀಡಿಯನ್. ಹೆಬ್ಬೆರಳು-ತೋರುಬೆರಳ ನಡುವೆ, ಕೈಯ ಹಿಂಬದಿಯ ಚರ್ಮ ರೇಡಿಯಲ್. ಇನ್ನೊಂದು ಕೈಗೆ ಹೋಲಿಸಿ. ಆಮೇಲೆ ಬೆರಳು ಅಗಲಿಸಲು, ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಲು, ಮಣಿಕಟ್ಟು ಮೇಲೆತ್ತಲು ಹೇಳಿ. ಒಂದು ತಪ್ಪಿದರೂ, 'ನರ ನೋಡಿದಿರಾ ಸರ್?' ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಕತ್ತಿಯಂಥ ಹರಿತವಾದದ್ದರಿಂದ ಕಟ್ ಆಗಿದ್ದರೆ ಎರಡು ಮೂರು ದಿನದೊಳಗೆ ನರ ಹೊಲಿಸಿಕೊಳ್ಳುವುದು ಒಳ್ಳೆಯದು. ತಡವಾದಷ್ಟೂ ತುದಿಗಳು ಹಿಂದೆ ಸರಿಯುತ್ತವೆ, ಎಳೆದು ಕೂಡಿಸಲು ಆಗಲ್ಲ. ಹಾಸನ, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಮೈಕ್ರೋಸ್ಕೋಪ್ ಇಟ್ಟು ನರ ಹೊಲಿಯುವ ಪ್ಲಾಸ್ಟಿಕ್ ಸರ್ಜನ್ ಎಲ್ಲಿದ್ದಾರೆ ಅಂತ ಅಲ್ಲೇ ಕೇಳಿಕೊಂಡು ಮಂಗಳೂರೋ ಬೆಂಗಳೂರೋ ಹತ್ತಿ. ಕೂದಲಿಗಿಂತ ಸಣ್ಣ ದಾರದ ಕೆಲಸ ಅದು. ನನಗೆ ತಡವಾಗಿದ್ದರಿಂದ ಕಾಲಿನ ಹಿಂಭಾಗದ ಸೂರಲ್ ನರ ತೆಗೆದು ಮಧ್ಯೆ ತೇಪೆ ಹಾಕಿದರು. ಈಗ ಪಾದದ ಹೊರಬದಿಗೆ ಸ್ಪರ್ಶ ಇಲ್ಲ, ಅಲ್ಲಿ ಜಿಗಣೆ ಕಚ್ಚಿದರೂ ಚಪ್ಪಲಿ ಅಂಟಂಟು ಅಂದಮೇಲೇ ಗೊತ್ತಾಗುವುದು.

ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದೋ, ಬೈಕ್ ಜಾರಿಯೋ ಗಾಯವಿಲ್ಲದೆ ಕೈ ಸೋತರೆ ಲೆಕ್ಕವೇ ಬೇರೆ. 1943ರಲ್ಲಿ ಸೆಡ್ಡನ್ ಎಂಬ ಬ್ರಿಟಿಷ್ ಸರ್ಜನ್ ನರದ ಪೆಟ್ಟನ್ನು ಮೂರು ಬಗೆ ಮಾಡಿದರು: ಬರೀ ಸುಸ್ತಾದದ್ದು, ಒಳಗಿನ ಎಳೆ ಹರಿದರೂ ಹೊರಕವಚ ಉಳಿದದ್ದು, ಪೂರ್ತಿ ತುಂಡಾದದ್ದು. ಮೊದಲ ಎರಡು ಬಹಳ ಸಲ ತಾವೇ ವಾಸಿಯಾಗುತ್ತವೆ. ಅದಕ್ಕೇ ಸಾಮಾನ್ಯವಾಗಿ ಮೂರು ತಿಂಗಳು ಕಾಯುತ್ತಾರೆ. ಮೂರ್ನಾಲ್ಕು ವಾರಕ್ಕೆ ಇಎಂಜಿ (ಸ್ನಾಯುವಿಗೆ ನರದ ಸಂಕೇತ ತಲುಪುತ್ತಿದೆಯಾ ಅಂತ ನೋಡುವ ವಿದ್ಯುತ್ ಪರೀಕ್ಷೆ) ಮಾಡಿಸಿ, ಅದಕ್ಕೂ ಮುಂಚೆ ಮಾಡಿಸಿದರೆ ಪೂರ್ತಿ ಚಿತ್ರ ಸಿಗಲ್ಲ. ಆದರೆ ಕಾಯುವುದು ಅಂದರೆ ಮರೆಯುವುದಲ್ಲ. ಒಂದು, ಒಂದೂವರೆ ವರ್ಷ ನರ ತಲುಪದಿದ್ದರೆ ಸ್ನಾಯು ಮತ್ತೆ ಎದ್ದೇಳುವುದು ಕಷ್ಟ. ಆಗ ಪಕ್ಕದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತಿರುಗಿಸಿ ಕಟ್ಟುವ ದಾರಿಯೊಂದಿದೆ. ಕುಷ್ಠರೋಗದಿಂದ ಮಡಚಿದ ಕೈಗಳಿಗೆ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ ಮಾಡುತ್ತಿದ್ದದ್ದು ಇದನ್ನೇ.

ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ಅದನ್ನು ಅವಸರಪಡಿಸುವ ಮಾತ್ರೆ ಯಾವುದೂ ಇಲ್ಲ. ಆಪರೇಷನ್ ಆದಮೇಲೆ ಒಂದು ಗಂಟೆ ಸಣ್ಣ ಕರೆಂಟ್ ಕೊಟ್ಟು ಚುರುಕು ಮಾಡುವ ಸಂಶೋಧನೆ ಕೆನಡಾದಲ್ಲಿ ನಡೆದಿದೆ, ನಮಗೆ ಸದ್ಯಕ್ಕೆ ಫಿಸಿಯೋಥೆರಪಿಯೇ ಗತಿ. ಸ್ಪರ್ಶ ಬರುವವರೆಗೆ ಬಿಸಿ ಲೋಟ, ಒಲೆ ಹತ್ತಿರ ಹುಷಾರು.

ವಾರಕ್ಕೊಮ್ಮೆ ಬೆರಳ ಕಡೆಯಿಂದ ಹೊಲಿಗೆಯ ಕಡೆಗೆ ನರದ ದಾರಿಯಲ್ಲಿ ಮೆಲ್ಲಗೆ ತಟ್ಟುತ್ತಾ ಬನ್ನಿ. ಮೊದಲು ಜುಮ್ ಅನ್ನುವ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ಹೊಲಿಗೆಯಿಂದ ಎಷ್ಟು ದೂರ ಅಂತ ತೋಟದ ಡೈರಿಯಲ್ಲಿ ಬರೆದಿಡಿ. ಗೆರೆ ವಾರವಾರ ಬೆರಳ ಕಡೆಗೆ ಸಾಗುತ್ತಿದ್ದರೆ ಸರಿ. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಡೈರಿ ಸಮೇತ ಸರ್ಜನ್ ಹತ್ತಿರ ಹೋಗಿ.