ಬಿದ್ದುಹೋದ ‘ಅಂತೆ’ಯನ್ನು ಹುಡುಕುವುದು ಹೇಗೆ?

ವಲಸಿಗರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುದ್ದಿಯನ್ನು ಮನೆಯಲ್ಲೇ ಕೂತು ಪರೀಕ್ಷಿಸುವ ಕ್ರಮ

ನಮ್ಮ ಭಾಷೆಯಲ್ಲಿ ಒಂದು ಪುಟ್ಟ ಪದವಿದೆ: ಅಂತೆ. ‘ಮಕ್ಕಳ ಕಳ್ಳರು ಬಂದಿದ್ದಾರಂತೆ’ ಎಂದು ಯಾರಾದರೂ ಹೇಳಿದರೆ, ಅವರು ನೋಡಿಲ್ಲ, ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿದ್ದಾರೆ ಎಂದು ನಮಗೆ ಥಟ್ಟನೆ ಗೊತ್ತಾಗುತ್ತದೆ. ಅದೇ ಮಾತನ್ನು ಮೊಬೈಲ್‌ನಲ್ಲಿ ಟೈಪ್ ಮಾಡುವಾಗ ಈ ಅಂತೆ ಬಿದ್ದುಹೋಗುತ್ತದೆ. ‘ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ!’ ಎಂದಾಗುತ್ತದೆ. ಕೇಳಿದ ಮಾತು ಕಂಡ ಮಾತಾಗಿಬಿಡುವುದು ಅಲ್ಲೇ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಮಂದಿಯ ಗ್ರೂಪಿಗೆ ಚಿಕ್ಕಮ್ಮ ಇಂಥದ್ದೊಂದು ಹಾಕಿದರು. ‘ಚಾದರ ಮಾರುವ ನೆಪದಲ್ಲಿ ಬಾಂಗ್ಲಾದೇಶದ 500 ಜನ ದಾವಣಗೆರೆಗೆ ಬಂದಿದ್ದಾರೆ. ನಿನ್ನೆ ಒಂದು ಮಗುವನ್ನು ಹೊತ್ತೊಯ್ದಿದ್ದಾರೆ. ಪೊಲೀಸರು ಮುಚ್ಚಿಡುತ್ತಿದ್ದಾರೆ. ಎಲ್ಲರಿಗೂ ಕಳಿಸಿ.’ ಜೊತೆಗೆ 22 ಸೆಕೆಂಡಿನ ವಿಡಿಯೊ. ಹತ್ತು ನಿಮಿಷದಲ್ಲಿ ಮಾತು ಮಗುವನ್ನು ಬಿಟ್ಟು ರಾಜಕೀಯಕ್ಕೆ ಹೊರಳಿತು. ಇವರಿಗೆಲ್ಲ ವೋಟರ್ ಐಡಿ ಕೊಟ್ಟಿದ್ದು ಯಾರು, ನಿಮ್ಮ ಪಕ್ಷವಾ, ನಮ್ಮ ಪಕ್ಷವಾ ಎಂದು ಅಣ್ಣತಮ್ಮಂದಿರೇ ಜಗಳಕ್ಕೆ ನಿಂತರು. ಮಗು ಯಾರದು ಎಂದು ಒಬ್ಬರೂ ಕೇಳಲಿಲ್ಲ.

ಇಂಥ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನ್ನಿಂದ ಆಗುವುದಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಅದೇ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಅವರ ಜೊತೆಯಲ್ಲಿದ್ದವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರು ಮುರ್ಕಿ ಮುಟ್ಟುವ ಮೊದಲೇ ವಾಟ್ಸ್‌ಆ್ಯಪ್ ಮೆಸೇಜು ಅಲ್ಲಿಗೆ ಮುಟ್ಟಿತ್ತು.

ಹಾಗಾಗಿ ಚಿಕ್ಕಮ್ಮ ಕಳಿಸಿದ ಆ ಒಂದು ಫಾರ್ವರ್ಡನ್ನೇ ಇಟ್ಟುಕೊಂಡು ಪರೀಕ್ಷೆ ಮಾಡುವ ಕ್ರಮವನ್ನು ಹೇಳುತ್ತೇನೆ. ಒಂದು ಮೊಬೈಲು, ಅರ್ಧ ಗಂಟೆ ಸಮಯ ಇದ್ದರೆ ಸಾಕು.

ಮೊದಲು ಬಾಣ ನೋಡಿ

ಮೆಸೇಜಿನ ತಲೆಯ ಮೇಲೆ ಒಂದು ಬಾಣದ ಗುರುತಿದ್ದರೆ ಕಳಿಸಿದವರು ಅದನ್ನು ತಾವೇ ಬರೆದದ್ದಲ್ಲ. ಎರಡು ಬಾಣ ಇದ್ದರೆ ಅದು ಮೊದಲು ಬರೆದವರಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ. ಇಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುವಂತೆ 2020ರಲ್ಲಿ ವಾಟ್ಸ್‌ಆ್ಯಪ್ ಮಿತಿ ಹಾಕಿತು. ಚಿಕ್ಕಮ್ಮನ ಮೆಸೇಜಿಗೆ ಎರಡು ಬಾಣ ಇತ್ತು.

‘ಅಂತೆ’ ಸೇರಿಸಿ ಮತ್ತೆ ಓದಿ

ಪ್ರತಿ ವಾಕ್ಯಕ್ಕೂ ಅಂತೆ ಸೇರಿಸಿ, ಗಟ್ಟಿಯಾಗಿ ಓದಿ. 500 ಜನ ಬಂದಿದ್ದಾರಂತೆ. ಬಾಂಗ್ಲಾದವರಂತೆ. ಮಗು ಹೊತ್ತೊಯ್ದರಂತೆ. ಪೊಲೀಸರು ಮುಚ್ಚಿಡುತ್ತಿದ್ದಾರಂತೆ. ಹೀಗೆ ಓದಿದರೆ ಎರಡು ಲಾಭ. ಗಾಬರಿ ಅರ್ಧ ಇಳಿಯುತ್ತದೆ. ಮತ್ತೆ, ಒಂದೇ ಮಾತು ಅಂದುಕೊಂಡಿದ್ದರಲ್ಲಿ ನಾಲ್ಕು ಬೇರೆಬೇರೆ ಮಾತಿವೆ ಎಂದು ಕಾಣುತ್ತದೆ. ನಾಲ್ಕನ್ನೂ ಬಿಡಿಬಿಡಿಯಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು ನಿಜವಾಗಿದ್ದ ಮಾತ್ರಕ್ಕೆ ಉಳಿದ ಮೂರೂ ನಿಜವಾಗುವುದಿಲ್ಲ.

ಕಣ್ಣಾರೆ ಕಂಡವರು ಯಾರು?

ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇದನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರನ್ನು ನೋಡಬೇಕು.

ಆ ಊರಿನ ಕಾರ್ಖಾನೆ, ಗೋದಾಮುಗಳ ಕೆಲಸಕ್ಕೆ ಹೈಟಿ ದೇಶದ ಸಾವಿರಾರು ಜನ ಬಂದು ನೆಲೆಸಿದ್ದರು. 2024ರಲ್ಲಿ ಸ್ಥಳೀಯರೊಬ್ಬರು ಫೇಸ್‌ಬುಕ್‌ನಲ್ಲಿ ಬರೆದರು: ನೆರೆಮನೆಯವರ ಮಗಳ ಗೆಳತಿಯ ಬೆಕ್ಕನ್ನು ಹೈಟಿಯವರು ಕೊಂದು ತಿಂದಿದ್ದಾರೆ. ಸೆಪ್ಟೆಂಬರ್ 10ರಂದು ಡೊನಾಲ್ಡ್ ಟ್ರಂಪ್ ಅಧ್ಯಕ್ಷೀಯ ಚರ್ಚೆಯಲ್ಲಿ, 6.7 ಕೋಟಿ ಜನ ಟಿ.ವಿ. ನೋಡುತ್ತಿರುವಾಗ, ಅವರು ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಎಂದರು. ಇದಕ್ಕೆ ನಂಬುವಂಥ ಯಾವ ವರದಿಯೂ ಇಲ್ಲವೆಂದು ನಗರಾಡಳಿತ ಹೇಳಿದೆ ಎಂದು ನಿರೂಪಕರು ಅಲ್ಲೇ ತಿಳಿಸಿದರು. ಆಮೇಲೆ ಪತ್ರಕರ್ತರು ಈ ಮಾತಿನ ಬಾಲ ಹಿಡಿದು ಹಿಂದಕ್ಕೆ ಹೋದರು. ಪೋಸ್ಟ್ ಹಾಕಿದವರಿಗೆ ಹೇಳಿದ್ದು ನೆರೆಮನೆಯವರು. ನೆರೆಮನೆಯವರಿಗೆ ಹೇಳಿದ್ದು ಪರಿಚಯದವರು. ಆ ಪರಿಚಯದವರಿಗೂ ಅದು ಇನ್ಯಾರಿಂದಲೋ ಬಂದಿತ್ತು. ಬೆಕ್ಕು ಕಳೆದುಕೊಂಡ ಆ ಗೆಳತಿ ಮಾತ್ರ ಸಿಗಲೇ ಇಲ್ಲ. ಬರೆದವರೇ ಕೊನೆಗೆ ಪಶ್ಚಾತ್ತಾಪಪಟ್ಟರು.

ಅದೇ ಊರಿನಲ್ಲಿ ಇನ್ನೊಬ್ಬರು ತಮ್ಮ ಬೆಕ್ಕನ್ನು ಹೈಟಿಯ ನೆರೆಯವರು ಒಯ್ದಿರಬೇಕೆಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ಕೆಲವು ದಿನಕ್ಕೆ ಬೆಕ್ಕು ಅವರದೇ ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿತು. ಆಕೆ ಫೋನಿನ ಅನುವಾದದ ಆಪ್ ಹಿಡಿದುಕೊಂಡು ನೆರೆಮನೆಗೆ ಹೋಗಿ ಕ್ಷಮೆ ಕೇಳಿದರು. ಆದರೂ ಸುದ್ದಿ ಜಗತ್ತೆಲ್ಲ ಸುತ್ತಿತು. ಊರಿಗೆ ಮೂವತ್ತಕ್ಕೂ ಹೆಚ್ಚು ಬಾಂಬ್ ಬೆದರಿಕೆಗಳು ಬಂದವು. ಎಲ್ಲವೂ ಹುಸಿ. ಆದರೂ ಶಾಲೆ ಖಾಲಿ ಮಾಡಿಸಬೇಕಾಯಿತು.

ಆ ಪತ್ರಕರ್ತರು ಮಾಡಿದ್ದನ್ನು ನಾವೂ ಮಾಡಬಹುದು. ನಾನು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

‘ಚಿಕ್ಕಮ್ಮ, ಇದು ನಿಮಗೆ ಯಾರು ಕಳ್ಸಿದ್ರು?’

‘ನಮ್ಮ ಓಣಿ ಗ್ರೂಪಿಗೆ ಬಂದಿತ್ತಪ್ಪ. ಪಾಪ, ಮಗು ಅಲ್ವಾ, ಅದಕ್ಕೇ ಹಾಕ್ದೆ.’

‘ಅಲ್ಲಿಗೆ ಹಾಕಿದವರನ್ನ ಒಂದು ಮಾತು ಕೇಳ್ತೀರಾ?’

ಕೇಳಿದರು. ಓಣಿಯವರಿಗೆ ಹರಿಹರದ ಬೀಗರಿಂದ ಬಂದಿತ್ತು. ಬೀಗರಿಗೆ ಚಳ್ಳಕೆರೆಯ ಪರಿಚಯದವರೊಬ್ಬರಿಂದ. ಅವರಿಗೆ ಯಾರು ಕಳಿಸಿದ್ದೋ ನೆನಪಿಲ್ಲ. ದಾವಣಗೆರೆಯಲ್ಲಿ ನಿನ್ನೆ ನಡೆಯಿತು ಎನ್ನುವ ಘಟನೆ ಪಕ್ಕದ ಜಿಲ್ಲೆಯಿಂದ ನಮಗೆ ಬಂದಿತ್ತು! ಮೂರು ಕೈ ಹಿಂದೆ ಹೋದರೂ ಕಂಡವರು ಸಿಗಲಿಲ್ಲ ಎಂದರೆ, ಚೀಟಿಯಲ್ಲಿ ಆ ಮಾತಿನ ಪಕ್ಕ ‘ಕಂಡವರಿಲ್ಲ’ ಎಂದು ಬರೆಯಿರಿ.

ವಿಡಿಯೊದ ಸದ್ದು ನಿಲ್ಲಿಸಿ ನೋಡಿ

ಸದ್ದು ನಮ್ಮನ್ನು ಬೇಗ ನಂಬಿಸುತ್ತದೆ. ಬೇರೆ ದನಿ ಸೇರಿಸುವುದೂ ಸುಲಭ. ಆದ್ದರಿಂದ ಮೊದಲು ಮ್ಯೂಟ್ ಮಾಡಿ, ಕಣ್ಣಿಗೆ ಏನು ಕಾಣುತ್ತದೋ ಅದನ್ನಷ್ಟೇ ಗಮನಿಸಿ. ಅಂಗಡಿ ಬೋರ್ಡು, ಗಾಡಿ ನಂಬರು, ಆಟೊದ ಬಣ್ಣ, ಪೊಲೀಸರ ಬಟ್ಟೆ. ನಮ್ಮ ದಾವಣಗೆರೆಯ ಗಾಡಿಗೆ ಕೆಎ 17, ಚಿತ್ರದುರ್ಗದ್ದಕ್ಕೆ ಕೆಎ 16 ಇರಬೇಕು.

ಚಿಕ್ಕಮ್ಮನ ವಿಡಿಯೊದಲ್ಲಿ ಜನ ಒಬ್ಬನನ್ನು ಹಿಡಿದು ಎಳೆದಾಡುತ್ತಿದ್ದರು. ಒಂಬತ್ತನೇ ಸೆಕೆಂಡಿಗೆ ನಿಲ್ಲಿಸಿದೆ. ಹಿಂದೆ ಒಂದು ಆಟೊ. ಮೈಯೆಲ್ಲ ಹಸಿರು, ಪಕ್ಕಕ್ಕೆ ಕಬ್ಬಿಣದ ಜಾಲರಿ ಬಾಗಿಲು, ನಂಬರ್ ಪ್ಲೇಟಿನಲ್ಲಿ ಬಂಗಾಳಿ ಅಕ್ಷರ. ಜಾಲರಿ ಹಾಕಿದ ಇಂಥ ಹಸಿರು ಆಟೊ ಓಡುವುದು ಢಾಕಾದಂಥ ಬಾಂಗ್ಲಾದೇಶದ ಊರುಗಳಲ್ಲಿ. ನಮ್ಮ ಜಯದೇವ ಸರ್ಕಲ್‌ನಲ್ಲಿ ಎಷ್ಟು ಹೊತ್ತು ನಿಂತರೂ ಅಂಥದ್ದೊಂದು ಸಿಗುವುದಿಲ್ಲ.

ಆ ಜಾಗದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಗೂಗಲ್ ಆಪ್‌ನ ಹುಡುಕುವ ಪಟ್ಟಿಯಲ್ಲಿ ಕ್ಯಾಮೆರಾದಂಥ ಗುರುತು ಇದೆಯಲ್ಲ, ಅದೇ. ಒಂದೇ ಚಿತ್ರ ಸಾಲದು, ಮೂರ್ನಾಲ್ಕು ಕಡೆ ನಿಲ್ಲಿಸಿ ತೆಗೆಯಿರಿ. ಮುಖಕ್ಕಿಂತ ಬೋರ್ಡು, ಕಟ್ಟಡ ಇರುವ ಚಿತ್ರ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸಿಕ್ಕ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಹಳೆಯ ತಾರೀಖು ಯಾವುದು ಎಂದು ನೋಡಿ. ನನಗೆ ಮೂರನೇ ಸ್ಕ್ರೀನ್‌ಶಾಟ್‌ಗೆ ಸಿಕ್ಕಿತು. ಅದೇ ವಿಡಿಯೊ ಎರಡು ವರ್ಷದ ಹಿಂದೆಯೇ ಯೂಟ್ಯೂಬಿನಲ್ಲಿತ್ತು. ಮೊಬೈಲ್ ಕದ್ದವನನ್ನು ಅವರ ಊರಿನವರೇ ಹಿಡಿದದ್ದು ಎಂದು ಕೆಳಗೆ ಬರೆದಿತ್ತು. ಕಿವಿಗೆ ಬಂಗಾಳಿ ಬಿದ್ದದ್ದೇ ತಡ, ‘ನೋಡಿ, ಬಾಂಗ್ಲಾದವರೇ’ ಎಂದು ಗ್ರೂಪಿನಲ್ಲಿ ಎಲ್ಲರೂ ನಂಬಿದ್ದರು. ಬಾಂಗ್ಲಾದವರು ಹೌದು, ಬಾಂಗ್ಲಾದಲ್ಲೇ ಇದ್ದವರು.

2018ರಲ್ಲಿ ದೇಶದ ತುಂಬ ಗಾಬರಿ ಹಬ್ಬಿಸಿದ ವಿಡಿಯೊ ಕೂಡ ಹೀಗೇ ಬೇರೆ ಕಡೆಯದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಗೃತಿ ಚಿತ್ರ. ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವುದೇ ಅದರ ಕೊನೆ. ಆ ಕೊನೆಯನ್ನೇ ಕತ್ತರಿಸಿ ಹಂಚಿದ್ದರು. ಅದಕ್ಕೇ ತುಂಡು ವಿಡಿಯೊ ಕಂಡರೆ ಪೂರ್ತಿಯದನ್ನು ಹುಡುಕಿ.

ಲೆಕ್ಕ ಹಾಕಿ

ರಾಜಕೀಯ ಜಗಳದಲ್ಲಿ ಸಂಖ್ಯೆ ಬೆಳೆಯುವುದು ಬಲು ಬೇಗ. ನಮ್ಮ ಗ್ರೂಪಿನಲ್ಲೇ ಸಂಜೆಯೊಳಗೆ 500 ಹೋಗಿ ‘ನಗರದಲ್ಲಿ ಒಂದು ಲಕ್ಷ ಬಾಂಗ್ಲಾದವರಿದ್ದಾರೆ’ ಎಂದಾಗಿತ್ತು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಈಗ ಇನ್ನೂ ಹೆಚ್ಚಿರಬಹುದು. ಪಾಲಿಕೆಯ ವಾರ್ಡು 45. ಒಂದು ಲಕ್ಷವನ್ನು ಅದರಿಂದ ಭಾಗಿಸಿದರೆ ವಾರ್ಡಿಗೆ 2,200ಕ್ಕೂ ಜಾಸ್ತಿ. ನಿಮ್ಮ ವಾರ್ಡಿನ ಬೀದಿಗಳನ್ನು ಒಮ್ಮೆ ಮನಸ್ಸಿನಲ್ಲೇ ಸುತ್ತಿ ಬನ್ನಿ. ಎಣಿಸಿದವರು ಯಾರು, ಯಾವಾಗ ಎಂದು ಕೇಳಿ.

‘ವಲಸಿಗ’ ಎಂಬ ಪದದ ಲೆಕ್ಕವನ್ನೂ ಗಮನಿಸಿ. 2011ರ ಜನಗಣತಿ ದೇಶದಲ್ಲಿ 45 ಕೋಟಿಗೂ ಹೆಚ್ಚು ವಲಸಿಗರನ್ನು ಎಣಿಸಿತ್ತು. ಅವರಲ್ಲಿ ದೊಡ್ಡ ಪಾಲು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು. ಹಿರಿಯೂರಿನಿಂದ ಇಲ್ಲಿಗೆ ಬಂದ ನನ್ನಮ್ಮ ಕೂಡ ಅದರಲ್ಲಿ ಒಬ್ಬಳು. ಜಗಳೂರು, ಮೊಳಕಾಲ್ಮುರು ಕಡೆಯಿಂದ ಕಾಫಿ ತೋಟಕ್ಕೆ, ಬೆಂಗಳೂರಿಗೆ ಗುಳೆ ಹೋಗುವವರೂ ಅದೇ ಲೆಕ್ಕ. ಯಾರೋ ‘ಕೋಟಿಗಟ್ಟಲೆ ವಲಸಿಗರು’ ಎಂದರೆ ಯಾವ ವಲಸಿಗರು ಎಂದು ಬಿಡಿಸಿ ಕೇಳಬೇಕು.

ಮಾತು, ಮುಖ, ಆಧಾರ್

‘ಬಂಗಾಳಿ ಮಾತಾಡ್ತಾರೆ, ಅಂದ್ಮೇಲೆ ಬಾಂಗ್ಲಾದವರೇ.’ ಇದು ತಪ್ಪು ಪರೀಕ್ಷೆ. ಪಶ್ಚಿಮ ಬಂಗಾಳ, ತ್ರಿಪುರಾ, ಅಸ್ಸಾಮಿನ ಬರಾಕ್ ಕಣಿವೆಯ ಜನರ ಮಾತೂ ಬಂಗಾಳಿಯೇ. 2011ರ ಲೆಕ್ಕದಲ್ಲಿ ನಮ್ಮ ದೇಶದಲ್ಲೇ ಅದು 9.7 ಕೋಟಿ ಜನರ ತಾಯ್ನುಡಿ, ಹಿಂದಿ ಬಿಟ್ಟರೆ ಅದೇ ದೊಡ್ಡದು.

ಆಧಾರ್ ಕಾರ್ಡಿನ ಫೋಟೊ ಹಾಕಿ ವಾದ ಮಾಡುವವರು ಎರಡೂ ಕಡೆ ಇದ್ದಾರೆ. ಆಧಾರ್ ಪೌರತ್ವದ ದಾಖಲೆ ಅಲ್ಲ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶಿಯರಿಗೂ ಕಾನೂನಿನಂತೆ ಆಧಾರ್ ಸಿಗಬಹುದು. ಮತದಾರರ ಪಟ್ಟಿ ಬೇರೆ. ಅದಕ್ಕೆ ಪೌರರು ಮಾತ್ರ ಫಾರ್ಮ್ 6 ಕೊಡಬಹುದು. ತಪ್ಪು ಹೆಸರು ಸೇರಿದೆ ಎಂದು ಯಾರಿಗಾದರೂ ಖಾತ್ರಿಯಿದ್ದರೆ ಫಾರ್ಮ್ 7ರಲ್ಲಿ ಆಕ್ಷೇಪಣೆ ಕೊಡಲಿ. ದಾಖಲೆಯಿಲ್ಲದ ವಿದೇಶಿಯರು ದೇಶದಲ್ಲಿ ಒಬ್ಬರೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪೊಲೀಸರು ಹಿಡಿದ ಪ್ರಕರಣಗಳಿವೆ. ಅಂಥ ಸುದ್ದಿ ಬಂದಾಗಲೂ ಎಷ್ಟು ಜನ, ಯಾವ ಠಾಣೆ, ಯಾವ ತಾರೀಖು ಎಂದು ನೋಡಿ, ಅಷ್ಟನ್ನೇ ಹೇಳಿ. ಮೂವರನ್ನು ಹಿಡಿದ ಸುದ್ದಿ ಚಾದರ ಮಾರುವ ಪ್ರತಿಯೊಬ್ಬನ ಮೇಲೂ ಹೊರೆಯಾಗಬಾರದು.

ಸುದ್ದಿ ಇಲ್ಲದ ಹೊತ್ತಿನಲ್ಲಿ ಕಾಯಿರಿ

2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ನೃತ್ಯ ತರಗತಿಗೆ ನುಗ್ಗಿದವನೊಬ್ಬ ಚಾಕುವಿನಿಂದ ಇರಿದು ಮೂವರು ಹೆಣ್ಣುಮಕ್ಕಳನ್ನು ಕೊಂದ. ಅವನಿಗಿನ್ನೂ 17 ವರ್ಷ. ಹಾಗಾಗಿ ಹೆಸರು ಹೇಳಲು ಅಲ್ಲಿನ ಕಾನೂನು ಬಿಡಲಿಲ್ಲ. ಆ ಖಾಲಿ ಜಾಗಕ್ಕೆ ಯಾರೋ ಒಂದು ಸುಳ್ಳು ಮುಸ್ಲಿಂ ಹೆಸರು ತಂದಿಟ್ಟರು. ದೋಣಿಯಲ್ಲಿ ಬಂದ ಆಶ್ರಯಾರ್ಥಿ ಎಂದರು. ಮರುದಿನವೇ ಮಸೀದಿಯ ಮುಂದೆ ಗಲಭೆ. ಆಗಸ್ಟ್ 1ರಂದು ನ್ಯಾಯಾಲಯ ಹೆಸರು ಹೇಳಲು ಬಿಟ್ಟಿತು. ಅವನು ಹುಟ್ಟಿದ್ದು ಬ್ರಿಟನ್ನಿನದೇ ಕಾರ್ಡಿಫ್‌ನಲ್ಲಿ. ಮೂರು ದಿನ ಕಾದಿದ್ದರೆ ಸಾಕಿತ್ತು.

ಠಾಣೆಗೆ ಫೋನ್ ಮಾಡಿ

ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಸಾಮಾನ್ಯವಾಗಿ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲಿ ಹೇಳಿದೆ. ಆದರೆ ಸೂಕ್ಷ್ಮ ಪ್ರಕರಣಗಳನ್ನು ಹಾಕುವುದಿಲ್ಲ. ಆದ್ದರಿಂದ ವೆಬ್‌ಸೈಟಿನಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ತೀರ್ಮಾನಕ್ಕೆ ಬರಬೇಡಿ, ಠಾಣೆಗೇ ಫೋನ್ ಮಾಡಿ. ನಾನು ಮಾಡಿದಾಗ ಅಂಥ ದೂರು ಒಂದೂ ಬಂದಿಲ್ಲ ಎಂದರು. ನಿಮ್ಮ ಬೀದಿಯಲ್ಲೇ ಅನುಮಾನ ಬಂದರೆ 112, ಮಗುವಿನ ವಿಷಯವಾದರೆ 1098. ಅಡ್ಡಗಟ್ಟುವುದು, ಚೀಲ ಬಿಚ್ಚಿಸುವುದು ನಮ್ಮ ಕೆಲಸ ಅಲ್ಲ.

ಉತ್ತರ ಬರೆಯುವಾಗ

ಮನೆಯ ಹಿರಿಯರನ್ನು ಎಲ್ಲರ ಮುಂದೆ ‘ಸುಳ್ಳು ಹಬ್ಬಿಸ್ತೀರಾ’ ಎಂದರೆ ಅವರು ಹಟಕ್ಕೆ ಬೀಳುತ್ತಾರೆ. ಅವರು ಕಳಿಸಿದ್ದು ಮಗುವಿನ ಮೇಲಿನ ಕಾಳಜಿಯಿಂದ. ಮೊದಲು ಅವರೊಬ್ಬರಿಗೇ ಫೋನ್ ಮಾಡಿ ಹೇಳಿ. ಕಳಿಸಿ ಎರಡು ದಿನ ಆಗಿಲ್ಲದಿದ್ದರೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಚಿಕ್ಕಮ್ಮ ತಾವೇ ಅಳಿಸಿದರು. ಆಮೇಲೆ ನಾನು ಗ್ರೂಪಿಗೆ ಇಷ್ಟು ಬರೆದೆ:

‘ಬೆಳಿಗ್ಗೆ ಬಂದ ವಿಡಿಯೊ ಬಾಂಗ್ಲಾದೇಶದ್ದು, ಎರಡು ವರ್ಷ ಹಳೆಯದು. ಹಳೆಯ ಲಿಂಕ್ ಕೆಳಗಿದೆ. ದಾವಣಗೆರೆಯಲ್ಲಿ ಮಗು ಕಾಣೆಯಾದ ದೂರು ಇಲ್ಲ, ಠಾಣೆಗೆ ಕೇಳಿದ್ದೇನೆ. ದಯವಿಟ್ಟು ಮುಂದೆ ಕಳಿಸಬೇಡಿ, ಕಳಿಸಿದ್ದರೆ ಅಲ್ಲೂ ಇದನ್ನು ಹಾಕಿ.’

ಪಕ್ಷದ ಹೆಸರು ಬೇಡ, ಬೈಗುಳ ಬೇಡ, ಆ ವಿಡಿಯೊವನ್ನು ಮತ್ತೆ ಹಾಕುವುದಂತೂ ಬೇಡವೇ ಬೇಡ. ಈ ನಾಲ್ಕು ಸಾಲನ್ನು ಲಿಂಕ್ ಸಮೇತ ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಐದನೇ ದಿನ ಅದೇ 22 ಸೆಕೆಂಡು ನಮ್ಮಮ್ಮನ ತವರಿನ ಗ್ರೂಪಿಗೆ ಬಂತು. ಚಾದರದವರು ಪಾತ್ರೆ ಮಾರುವವರಾಗಿದ್ದರು, ದಾವಣಗೆರೆ ಇದ್ದ ಕಡೆ ಹಿರಿಯೂರು ಎಂದಿತ್ತು. ಅಮ್ಮ ಫೋನ್ ತಂದು ನನ್ನ ಮುಂದೆ ಹಿಡಿದಳು. ಠಾಣೆಗೆ ಇನ್ನೊಂದು ಫೋನ್ ಮಾಡಿ, ಊರಿನ ಹೆಸರು ತಿದ್ದಿ, ಅದೇ ನಾಲ್ಕು ಸಾಲು ಅಲ್ಲಿಗೂ ಕಳಿಸಿದೆವು.