ರಜೆಗೆ ಬೀಗ ಹಾಕುವ ಮುನ್ನ ಪ್ರಿಂಟರ್‌ಗೆ ಸ್ವಲ್ಪ ಹೊತ್ತು ಕೊಡಿ

ರಾಯಚೂರಿನಲ್ಲಿ ನನ್ನದು ಪ್ರಿಂಟರ್ ರಿಪೇರಿ ಅಂಗಡಿ. ಜೂನ್ ಬಂತೆಂದರೆ ಟೇಬಲ್ ತುಂಬ ಶಾಲೆಗಳ ಪ್ರಿಂಟರ್‌ಗಳೇ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರುವಾದರೆ ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ಅಲ್ಲಿಯವರೆಗೂ ಪ್ರಿಂಟರ್ ಬೀಗ ಹಾಕಿದ ಕೋಣೆಯಲ್ಲಿ, ನಮ್ಮ ಊರಿನ ಬಿಸಿಲಲ್ಲಿ ಬೇಯುತ್ತಿರುತ್ತದೆ. ‘ರಜಾಕ್ಕ ಹೋಗೋವಾಗ ಚಲೋ ಇತ್ತ್ ರೀ, ಈಗ ಕೆಂಪೇ ಬರವಲ್ದು’ ಎನ್ನುತ್ತಾರೆ ಮೇಷ್ಟ್ರು. ಅವರು ಹೇಳುವುದು ನಿಜ. ಕೆಟ್ಟದ್ದು ಪ್ರಿಂಟ್ ಮಾಡುವಾಗಲ್ಲ, ಸುಮ್ನೆ ಕೂತಾಗ.

ಇವೆಲ್ಲ ಇಂಕ್‌ಜೆಟ್, ಅಂದರೆ ಇಂಕನ್ನು ಸಣ್ಣ ಹನಿಗಳಾಗಿ ಕಾಗದಕ್ಕೆ ಚಿಮ್ಮಿಸುವ ಪ್ರಿಂಟರ್‌ಗಳು. ಇವುಗಳ ಇಂಕಿನಲ್ಲಿ ಹೆಚ್ಚಿನ ಪಾಲು ನೀರೇ. ಅದು ಹೊರಬರುವ ತೂತು, ಅಂದರೆ ನಾಝಲ್, ತಲೆಗೂದಲಿಗಿಂತ ಸಣ್ಣದು. ಈ ತೂತುಗಳಿರುವ, ಅತ್ತಿತ್ತ ಓಡಾಡುವ ಭಾಗವೇ ಹೆಡ್. ಎಪ್ಸನ್ ಎಲ್ 3110 ಪ್ರಿಂಟರಿನ ಹೆಡ್‌ನಲ್ಲಿ ಕಪ್ಪಿಗೆ 180 ನಾಝಲ್, ಉಳಿದ ಒಂದೊಂದು ಬಣ್ಣಕ್ಕೆ 59. ತೂತಿನ ಬಾಯಲ್ಲಿ ನೀರು ಆರಿದರೆ ಉಳಿಯುವುದು ಗಟ್ಟಿ ಬಣ್ಣ. ಕ್ಯಾಪ್ ಹಾಕದೆ ಬಿಟ್ಟ ಸ್ಕೆಚ್ ಪೆನ್ ಒಣಗುತ್ತದಲ್ಲ, ಹಾಗೆಯೇ. ಹಾಗಾಗಿ ಕೆಳಗೆ ಹೇಳುವುದೆಲ್ಲ ಒಂದೇ ಕೆಲಸಕ್ಕೆ: ಆ ಬಾಯಿಗೆ ಗಾಳಿ ತಾಗಬಾರದು.

ಇದಕ್ಕೆ ಪ್ರಿಂಟರಿನಲ್ಲೇ ವ್ಯವಸ್ಥೆ ಇದೆ. ಹೆಡ್ ನಿಲ್ಲುವ ಜಾಗದಲ್ಲಿ, ಸಾಮಾನ್ಯವಾಗಿ ಬಲತುದಿಯಲ್ಲಿ, ಸಣ್ಣ ರಬ್ಬರ್ ಚೌಕಟ್ಟು, ಒಳಗೆ ಸ್ಪಂಜು ಇರುತ್ತದೆ. ನಾವು ಅದನ್ನು ಕ್ಯಾಪ್ ಎನ್ನುತ್ತೇವೆ. ಪ್ರಿಂಟರಿನ ಪವರ್ ಬಟನ್ ಒತ್ತಿ ಆಫ್ ಮಾಡಿದಾಗ ಹೆಡ್ ಬಂದು ಈ ಕ್ಯಾಪ್ ಮೇಲೆ ಸರಿಯಾಗಿ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಆ ಕೆಲಸ ನಡೆಯದೇ ಹೋಗಬಹುದು. ಶಾಲೆ ಬಿಡುವ ಹೊತ್ತಿಗೆ ಅಟೆಂಡರ್ ಬಂದು ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ. ಹೆಡ್ ಆಗ ನಡುದಾರಿಯಲ್ಲಿದ್ದರೆ ಅಲ್ಲೇ ಬಾಯಿ ತೆರೆದು ನಿಂತುಬಿಡುತ್ತದೆ. ಮೊದಲು ಪ್ರಿಂಟರಿನ ಬಟನ್, ಒಳಗಿನ ಸದ್ದು ನಿಂತು ದೀಪ ಆರಿದ ಮೇಲೆ ಗೋಡೆಯ ಸ್ವಿಚ್. ಇದೊಂದು ಅಭ್ಯಾಸ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಪ್ರಿಂಟ್ ನಡೆಯುವಾಗಲೇ ಕರೆಂಟ್ ಹೋದರೆ, ಬಂದ ಮೇಲೆ ಒಮ್ಮೆ ಆನ್ ಮಾಡಿ ಬಟನ್‌ನಿಂದಲೇ ಆಫ್ ಮಾಡಿ.

ರಜೆಗೆ ಆಫ್ ಮಾಡುವ ಮುಂಚೆ ನಾಝಲ್ ಚೆಕ್ ಪ್ರಿಂಟ್, ಅಂದರೆ ನಾಝಲ್‌ಗಳು ಗೆರೆ ಎಳೆದು ತೋರಿಸುವ ಪರೀಕ್ಷೆಯ ಪುಟ ತೆಗೆಯಿರಿ. ಗೆರೆಗಳು ಎಲ್ಲೂ ತುಂಡಾಗಿರಬಾರದು. ತುಂಡಾಗಿದ್ದರೆ ಆಗಲೇ ಒಂದು ಸಲ ಹೆಡ್ ಕ್ಲೀನಿಂಗ್ (ಪ್ರಿಂಟರ್ ತಾನೇ ನಾಝಲ್ ತೊಳೆದುಕೊಳ್ಳುವ ಆಯ್ಕೆ) ಕೊಡಿ. ಅರ್ಧ ಕಟ್ಟಿದ ನಾಝಲ್ ರಜೆಯಲ್ಲಿ ಪೂರ್ತಿ ಕಟ್ಟುತ್ತದೆ. ಆಮೇಲೆ ನಾಲ್ಕೂ ಬಣ್ಣ ಇರುವ ಒಂದು ಪುಟ ಪ್ರಿಂಟ್ ಮಾಡಿ. ಟ್ಯಾಂಕ್ ಇರುವ ಪ್ರಿಂಟರಾದರೆ ಇಂಕ್ ಕೆಳಗಿನ ಗೆರೆಗಿಂತ ಮೇಲಿರಲಿ. ಅದಕ್ಕಿಂತ ಇಳಿದರೆ ಪೈಪಿಗೆ ಗಾಳಿ ಸೇರುತ್ತದೆ. ‘ಹೇಗೂ ಬಳಸಲ್ಲ, ಇಂಕ್ ತೆಗೆದಿಟ್ಟರೆ ಆಗಲ್ವಾ’ ಎಂದು ಕೆಲವರು ಕೇಳುತ್ತಾರೆ. ಬೇಡವೇ ಬೇಡ. ಖಾಲಿ ಮಾಡಿದ ಹೆಡ್ ಇನ್ನೂ ಬೇಗ ಒಣಗುತ್ತದೆ.

ಎರಡು ತಿಂಗಳಿಗಿಂತ ಜಾಸ್ತಿ ಮುಚ್ಚಿಡುವುದಾದರೆ ನಾನು ಕ್ಯಾಪಿನ ಸ್ಪಂಜಿಗೆ ನಾಲ್ಕೈದು ಹನಿ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ. ಇದು ಕೈಪಿಡಿಯಲ್ಲಿ ಇರುವುದಲ್ಲ, ನಮ್ಮಂಥ ರಿಪೇರಿಯವರ ರೂಢಿ. ವಾರಂಟಿ ಇರುವ ಪ್ರಿಂಟರಿಗೆ ಬೇಡ. ಹನಿ ಹಾಕಲು ಪ್ರಿಂಟರ್ ಆನ್ ಮಾಡಿ, ಹೆಡ್ ಕದಲಿದ ಕೂಡಲೇ ಪ್ಲಗ್ ಕಿತ್ತರೆ ಅದು ಕ್ಯಾಪ್ ಬಿಟ್ಟು ಈಚೆ ನಿಲ್ಲುತ್ತದೆ. ಟಾರ್ಚ್ ಬಿಟ್ಟು ನೋಡಿ. ಕ್ಯಾಪಿನ ರಬ್ಬರ್ ಅಂಚಿನಲ್ಲಿ ಕಪ್ಪು ಜಿಗುಟು ಕಟ್ಟಿರುತ್ತದೆ, ಅದರಲ್ಲಿ ಒಂದು ಕೂದಲೋ ಕಾಗದದ ನಾರೋ ಅಂಟಿಕೊಂಡಿರುತ್ತದೆ. ಅಷ್ಟು ಸಾಕು, ಕ್ಯಾಪ್ ಬಿಗಿಯಾಗಿ ಕೂರದೆ ಗಾಳಿ ನುಸುಳುತ್ತದೆ. ಒದ್ದೆ ಮಾಡಿದ, ನಾರು ಬಿಡದ ಬಟ್ಟೆಯಿಂದ ಅಂಚು ಒರೆಸಿ, ಡ್ರಾಪರ್‌ನಿಂದ ಸ್ಪಂಜಿಗೆ ಹನಿ ಬಿಡಿ. ಹಿಂದೆ ಉದ್ದಕ್ಕೂ ಎಳೆದಿರುವ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. ಹೆಡ್ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಅದನ್ನು ಓದಿಯೇ. ಬೆರಳಿನ ಎಣ್ಣೆ ತಾಗಿದರೂ ಎರರ್ ಬರಬಹುದು. ಕೊನೆಗೆ ಪ್ಲಗ್ ಹಾಕಿ ಆನ್ ಮಾಡಿ, ಬಟನ್‌ನಿಂದ ಆಫ್ ಮಾಡಿ.

ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಆಗಿರಲಿ, ಆಸಿಡ್ ಅಲ್ಲವೆಂದು ಬಾಟಲಿ ನೋಡಿ ತನ್ನಿ. ಬೋರ್‌ವೆಲ್ ನೀರು ಹಾಕಿದರೆ ಆರಿದ ಮೇಲೆ ಅದರ ಉಪ್ಪೇ ನಾಝಲ್ ಕಟ್ಟುತ್ತದೆ.

ಕಾರ್ಟ್ರಿಡ್ಜ್ ಪ್ರಿಂಟರಿನ ಲೆಕ್ಕ ಬೇರೆ. ಎಚ್‌ಪಿ, ಕ್ಯಾನನ್‌ಗಳ ಹಲವು ಸಣ್ಣ ಪ್ರಿಂಟರ್‌ಗಳಲ್ಲಿ ಹೆಡ್ ಇರುವುದು ಕಾರ್ಟ್ರಿಡ್ಜ್‌ನಲ್ಲೇ. ತೀರಾ ಕಟ್ಟಿದರೂ ಕಾರ್ಟ್ರಿಡ್ಜ್ ಬದಲಿಸಿದರೆ ಮುಗಿಯಿತು. ರಜೆಯಲ್ಲಿ ಅದನ್ನು ಹೊರಗೆ ತೆಗೆದಿಡಬೇಡಿ, ಪ್ರಿಂಟರ್ ಒಳಗೇ ಕ್ಯಾಪ್ ಮೇಲೆ ಇರಲಿ. ನಾಝಲ್‌ಗೆ ಸೆಲ್ಲೋ ಟೇಪ್ ಅಂಟಿಸುವ ಉಪಾಯವೂ ಬೇಡ, ಬಣ್ಣದ ಕಾರ್ಟ್ರಿಡ್ಜ್‌ನೊಳಗಿನ ಮೂರು ಬಣ್ಣ ಒಂದಕ್ಕೊಂದು ಬೆರೆಯುತ್ತವೆ.

ಇನ್ನು ಇಡುವ ಜಾಗ. ತಗಡಿನ ಸೂರಿನ ಕೋಣೆ, ಪಶ್ಚಿಮದ ಕಿಟಕಿ, ಬೀರುವಿನ ನೆತ್ತಿ, ಈ ಮೂರೂ ಬೇಡ. ಕೈಪಿಡಿಗಳು ಸಾಮಾನ್ಯವಾಗಿ 40 ಡಿಗ್ರಿ ದಾಟದ ಜಾಗ ಎನ್ನುತ್ತವೆ, ನಮ್ಮಲ್ಲಿ ಮೇ ತಿಂಗಳಲ್ಲಿ ನೆರಳಲ್ಲೇ ಅದು ದಾಟುತ್ತದೆ. ಕೆಳಮಹಡಿಯ ಒಳಕೋಣೆ ಇದ್ದರೆ ಅಲ್ಲಿಡಿ. ಸಾಗಿಸುವಾಗ ಓರೆ ಮಾಡಬೇಡಿ. ಕೆಲವು ಹಳೆ ಎಪ್ಸನ್ ಮಾಡೆಲ್‌ಗಳ ಟ್ಯಾಂಕಿನ ಬಳಿ ಸಾಗಣೆಯ ಲಾಕ್ ಇರುತ್ತದೆ, ಎತ್ತುವ ಮೊದಲು ತಿರುಗಿಸಿ, ಬಳಸುವ ಮೊದಲು ಮರೆಯದೆ ಬಿಡಿಸಿ. ಟ್ರೇನಲ್ಲಿರುವ ಕಾಗದ ತೆಗೆದು ಹಿಂದಿನ ಬಾಯಿ ಮುಚ್ಚಿ. ಅಲ್ಲಿಂದ ಹಲ್ಲಿ, ಜಿರಲೆ ಇಳಿಯುತ್ತವೆ. ಮೇಲೆ ಹತ್ತಿ ಬಟ್ಟೆ ಹೊದಿಸಿದರೆ ಸಾಕು.

ಊರಲ್ಲಿ ಯಾರಾದರೂ ಇದ್ದರೆ ಇಷ್ಟೆಲ್ಲ ಬೇಕಾಗಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಬಣ್ಣದ ಪುಟ ತೆಗೆಯಲು ಹೇಳಿ. ಕಪ್ಪು ಅಕ್ಷರದ ಪುಟವಾದರೆ ಸಾಮಾನ್ಯವಾಗಿ ಕಪ್ಪು ನಾಝಲ್‌ಗಳಷ್ಟೇ ಕೆಲಸ ಮಾಡುತ್ತವೆ, ಬಣ್ಣದವು ಒಣಗುತ್ತಲೇ ಇರುತ್ತವೆ.

ರಜೆ ಮುಗಿಸಿ ಬಂದಾಗ ಅವಸರ ಬೇಡ. ಆನ್ ಮಾಡಿ, ನಾಝಲ್ ಚೆಕ್ ನೋಡಿ. ಗೆರೆ ತುಂಡಾಗಿದ್ದರೆ ಒಂದು ಕ್ಲೀನಿಂಗ್, ಮತ್ತೆ ಚೆಕ್. ಹೀಗೆ ಮೂರು ಸಲ. ಆದರೂ ಬಾರದಿದ್ದರೆ ಆಫ್ ಮಾಡಿ 12 ಗಂಟೆ ಬಿಡಿ. ಒಣಗಿದ ಬಣ್ಣ ನೆನೆಯಲು ಹೊತ್ತು ಬೇಕು. ಮರುದಿನ ಒಂದೇ ಕ್ಲೀನಿಂಗಿಗೆ ಗೆರೆ ಪೂರ್ತಿ ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಸುಮ್ಮನೆ ಹತ್ತು ಸಲ ಒತ್ತಿದರೆ ಇಂಕ್ ಹಾಳು, ಕ್ಲೀನಿಂಗ್‌ನ ಇಂಕ್ ಹೀರುವ ತಳದ ಪ್ಯಾಡೂ ಬೇಗ ತುಂಬುತ್ತದೆ. ತುಂಬಾ ಇಂಕ್ ಹರಿಸಿ ತೊಳೆಯುವ ಪವರ್ ಕ್ಲೀನಿಂಗ್ ಕೊನೆಯ ದಾರಿ, ಅದಕ್ಕೆ ಟ್ಯಾಂಕಿನಲ್ಲಿ ಮೂರನೇ ಒಂದು ಪಾಲಾದರೂ ಇಂಕ್ ಬೇಕು. ಕಾರ್ಟ್ರಿಡ್ಜ್ ಆದರೆ ಹೊರತೆಗೆದು, ಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿದ ಟಿಶ್ಯೂ ಮೇಲೆ ನಾಝಲ್ ಒಂದೆರಡು ನಿಮಿಷ ಊರಿ. ಟಿಶ್ಯೂ ಮೇಲೆ ಮೂರು ಬಣ್ಣದ ಪಟ್ಟೆ ಬೇರೆಬೇರೆಯಾಗಿ ಮೂಡಿದರೆ ತೂತು ತೆರೆದಿದೆ. ಕಾರ್ಟ್ರಿಡ್ಜ್ ಮೇಲಿನ ತಾಮ್ರಬಣ್ಣದ ಕಾಂಟ್ಯಾಕ್ಟ್ (ಕರೆಂಟ್ ತಾಗುವ ಬಿಂದುಗಳು) ಒಣಗಿಸಿಯೇ ಒಳಗೆ ಹಾಕಿ.

ಹೊಸದು ಕೊಳ್ಳುವವರಿಗೆ ಒಂದು ಮಾತು. ವರ್ಷದಲ್ಲಿ ನಾಲ್ಕಾರು ಸಲ, ಅದೂ ಬರೀ ಕಪ್ಪು ಅಕ್ಷರಕ್ಕೆ ಪ್ರಿಂಟರ್ ಬೇಕಿದ್ದರೆ ಲೇಸರ್ ತಗೊಳ್ಳಿ. ಅದರಲ್ಲಿ ಇಂಕಿನ ಬದಲು ಇರುವುದು ಟೋನರ್ ಎಂಬ ಪುಡಿ, ಒಣಗುವ ಪ್ರಶ್ನೆಯೇ ಇಲ್ಲ.